ಯೋಬನ ಗೆಳೆಯರು ಬಾಯಿ ಬಿಡದೆ ಕೂತ ಏಳು ದಿನ

ನಮ್ಮ ಕ್ರೈಸ್ತ ಮನೆಗಳಲ್ಲಿ ಸಾವಾದಾಗ ಬಂದವರ ಬಾಯಲ್ಲಿ ಮೊದಲು ಬರುವ ಮಾತು, ‘ದೇವರ ಚಿತ್ತ, ಏನ್ ಮಾಡೋಕಾಗುತ್ತೆ?’ ಎಂಬುದು. ಅದರ ಬೆನ್ನಿಗೇ ‘ಕರ್ತನ ಹತ್ತಿರ ಸುಖವಾಗಿದ್ದಾರೆ, ಅಳಬಾರದಮ್ಮ’ ಎನ್ನುತ್ತಾರೆ. ಮತ್ತೊಬ್ಬರು ‘ಇದರ ಹಿಂದೆ ದೇವರದ್ದು ಏನೋ ಒಳ್ಳೆ ಯೋಜನೆ ಇದ್ದೇ ಇರುತ್ತೆ’ ಎಂದು ಸೇರಿಸುತ್ತಾರೆ. ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಅವರಿಗೂ ಬೇರೇನು ಹೇಳಬೇಕೆಂದು ತೋಚಿರುವುದಿಲ್ಲ. ಆದರೆ ಎರಡು ವರ್ಷದ ಕೂಸನ್ನು ಮಣ್ಣಿಗಿಟ್ಟು ಬಂದ ತಾಯಿಯ ಕಿವಿಗೆ ಆ ಮೂರು ಮಾತು ಬೇರೆಯಾಗಿಯೇ ಕೇಳುತ್ತವೆ. ಮಗುವನ್ನು ಕಿತ್ತುಕೊಂಡದ್ದು ದೇವರೇ, ಅತ್ತರೆ ಅದು ಅವಿಶ್ವಾಸ, ಇಷ್ಟಾದ ಮೇಲೂ ನೀನು ಸ್ತೋತ್ರ ಹೇಳಬೇಕು ಎಂದು.

ಕ್ರೈಸ್ತ ವಿಶ್ವಾಸ ದುಃಖದಲ್ಲಿ ಸಮಾಧಾನ ಕೊಡುತ್ತದೆ ಎಂಬುದನ್ನು ಪ್ರಸಂಗಗಳಲ್ಲಿ ಕೇಳುತ್ತಲೇ ಬೆಳೆದವರು ನಾವು. ಕೊಡುತ್ತದೆಂದು ನಾನೂ ನಂಬಿದ್ದೇನೆ. ಅದು ಯಾವ ದಾರಿಯಲ್ಲಿ ಬರುತ್ತದೆ, ಯಾವಾಗ ಬಾರದೆ ಉಳಿಯುತ್ತದೆ ಎಂದು ಎರಡು ಸಾವಿರ ವರ್ಷಗಳ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ ಕಾಣುವುದು ಸಾವಿನ ಮನೆಯ ಆ ಮಾತುಗಳಿಗಿಂತ ತೀರ ಬೇರೆ. ‘ಏಕೆ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಸಮಾಧಾನಗೊಂಡವರು ಈ ಚರಿತ್ರೆಯಲ್ಲಿ ಬಹಳ ಕಡಿಮೆ. ದೇವರೆದುರು ಅಳಲು, ದೂರಲು ಜಾಗ ಸಿಕ್ಕವರು, ಪಕ್ಕದಲ್ಲಿ ಒಬ್ಬ ಮನುಷ್ಯ ಬಂದು ಕೂತವರು ಚೇತರಿಸಿಕೊಂಡಿದ್ದಾರೆ.

ಯೋಬನಿಂದಲೇ ಶುರು ಮಾಡೋಣ. ಏಳು ಗಂಡು, ಮೂರು ಹೆಣ್ಣು ಮಕ್ಕಳು ಒಂದೇ ದಿನ ಸತ್ತರು, ಆಸ್ತಿ ಹೋಯಿತು, ಮೈತುಂಬ ಹುಣ್ಣಾಯಿತು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ದೂರದೂರಿಂದ ಬಂದರು. ಗುರುತೇ ಸಿಗದಂತಿದ್ದ ಅವನನ್ನು ಕಂಡು ಗಟ್ಟಿಯಾಗಿ ಅತ್ತರು. ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಬ್ಬರೂ ಒಂದು ಮಾತಾಡಲಿಲ್ಲ. ಯೋಬ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸಿದಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ. ಪಾಪ ಮಾಡದೆ ಶಿಕ್ಷೆ ಬಂದೀತೇ ಎಂದು ವಾದಕ್ಕಿಳಿದರು. 42 ಅಧ್ಯಾಯಗಳ ಆ ಪುಸ್ತಕದ ಬಹುಪಾಲು ಈ ವಾದವೇ. ಕೊನೆಗೆ ಬಿರುಗಾಳಿಯೊಳಗಿಂದ ಮಾತಾಡಿದ ದೇವರು ಯೋಬನನ್ನು ತರಾಟೆಗೆ ತೆಗೆದುಕೊಂಡದ್ದು ನಿಜ, ಆದರೆ ಮಕ್ಕಳು ಏಕೆ ಸತ್ತರು ಎಂಬುದಕ್ಕೆ ಉತ್ತರ ಕೊಡಲೇ ಇಲ್ಲ. ದೇವರ ಕೋಪ ಉರಿದದ್ದು ದೇವರ ಪರವಾಗಿ ವಕಾಲತ್ತು ಮಾಡಿದ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎಂಬ ತೀರ್ಪು ಪುಸ್ತಕದ ಕೊನೆಯಲ್ಲಿ ಸ್ಪಷ್ಟವಾಗಿದೆ. ಆ ಮೂವರು ಮಾಡಿದ ಒಳ್ಳೆಯ ಕೆಲಸವೆಂದರೆ ಬಾಯಿ ಬಿಡದೆ ಕೂತ ಏಳು ದಿನ.

ಕೀರ್ತನೆಗಳ ಪುಸ್ತಕದಲ್ಲೂ ಇದೇ ಧೈರ್ಯ ಇದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಶೋಕದವು, ದೂರಿನವು. ಅವುಗಳಲ್ಲಿ ಹೆಚ್ಚಿನವು ಗೋಳಿನಿಂದ ಶುರುವಾಗಿ ನಂಬಿಕೆಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ; ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ. ಅದನ್ನು ಪವಿತ್ರ ಗ್ರಂಥದಿಂದ ತೆಗೆದುಹಾಕಬೇಕೆಂದು ಯೆಹೂದ್ಯರಿಗೂ ಅನ್ನಿಸಲಿಲ್ಲ, ಕ್ರೈಸ್ತರಿಗೂ ಅನ್ನಿಸಲಿಲ್ಲ. ಮೇಲೇಳಲಾಗದ ದಿನವೂ ಪ್ರಾರ್ಥನೆಯ ದಿನವೇ ಎಂದು ಒಪ್ಪಿಕೊಂಡ ಧರ್ಮಗ್ರಂಥ ಅದು. ನಮ್ಮ ಸಭೆಗಳಲ್ಲಿ ಸಾವಿನ ದಿನ 23ನೆಯ ಕೀರ್ತನೆ ಓದದವರಿಲ್ಲ. 88ನ್ನು ಓದಿದ್ದು ನಾನು ಕೇಳಿಲ್ಲ.

ಯೇಸುಸ್ವಾಮಿಯ ಕಥೆಯಲ್ಲಿ ಬೇಥಾನ್ಯದ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಲಾಜರ ಸತ್ತು ನಾಲ್ಕು ದಿನವಾಗಿತ್ತು. ಅಕ್ಕ ಮಾರ್ಥ ಎದುರಿಗೆ ಬಂದು ಆಪಾದಿಸುತ್ತಾಳೆ: ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ತಂಗಿ ಮರಿಯಳೂ ಬಂದು ಅದನ್ನೇ ಹೇಳುತ್ತಾಳೆ. ಇಬ್ಬರಲ್ಲಿ ಒಬ್ಬರನ್ನೂ ಅವರು ಗದರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆಂದು ತಿಳಿದಿದ್ದೂ ಯೇಸು ಅತ್ತರು. ಪುನರುತ್ಥಾನ ಖಚಿತವಿದ್ದರೂ ಕಣ್ಣೀರು ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಗೆತ್ಸೆಮನೆ ತೋಟದಲ್ಲಿ ಅವರು ತಮ್ಮ ಸಂಕಟದ ಪಾತ್ರೆ ತೊಲಗಲೆಂದು ಬೇಡಿಕೊಂಡರು. ಶಿಲುಬೆಯ ಮೇಲೆ, ದೇವರು ತಮ್ಮನ್ನು ಏಕೆ ಕೈಬಿಟ್ಟರೆಂದು 22ನೆಯ ಕೀರ್ತನೆಯ ಮಾತಿನಲ್ಲಿ ಕೂಗಿದರು. ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಶಿಲುಬೆಯ ಏಳು ಮಾತುಗಳ ಮೇಲೆ ಧ್ಯಾನ ನಡೆಯುವಾಗ ಆ ನಾಲ್ಕನೆಯ ಮಾತು ಬರುತ್ತದೆ. ನೊಂದವನ ಪ್ರಶ್ನೆ ದೇವಕುಮಾರನ ಬಾಯಲ್ಲೇ ಬಂದ ಮೇಲೆ ಅದನ್ನು ಅವಿಶ್ವಾಸ ಎನ್ನುವ ಅಧಿಕಾರ ಯಾರಿಗೂ ಉಳಿಯಲಿಲ್ಲ.

ಹೀಗಿದ್ದೂ, ಅಳಬಾರದೆಂಬ ಒತ್ತಡ ಚರ್ಚಿನೊಳಗೆ ಬಹಳ ಬೇಗ ಹುಟ್ಟಿತು. 387ರಲ್ಲಿ ರೋಮಿನ ಬಂದರು ಓಸ್ತಿಯಾದಲ್ಲಿ ಸಂತ ಅಗಸ್ಟೀನರ ತಾಯಿ ಮೋನಿಕಾ ತೀರಿಕೊಂಡರು. ಮಗನ ಮನಪರಿವರ್ತನೆಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ ತಾಯಿ. ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಆ ದಿನವನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ. ಅವರೇ ತಾಯಿಯ ಕಣ್ಣು ಮುಚ್ಚಿದರು. ಅಗಸ್ಟೀನರ ಮಗ, ಹುಡುಗ ಅದೆಯೊದಾತುಸ್ ಗೊಳೋ ಎಂದು ಅತ್ತಾಗ ಸುತ್ತಲಿದ್ದವರು ಅವನನ್ನು ಸುಮ್ಮನಾಗಿಸಿದರು. ಗೆಳೆಯ ಎವೋದಿಯುಸ್ ಕೀರ್ತನೆ ಎತ್ತಿಕೊಂಡು ಹಾಡಿದ. ಅಗಸ್ಟೀನರು ಒಣಗಣ್ಣಿನಲ್ಲಿ ಮಣ್ಣಿಗೆ ಹೋದರು, ಒಣಗಣ್ಣಿನಲ್ಲಿ ಮರಳಿದರು. ಸ್ನಾನ ಮಾಡಿದರೆ ದುಃಖ ಹೋಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಸ್ನಾನಕ್ಕೆ ಹೋದರು. ಹೋದ ಹಾಗೆಯೇ ಬಂದರು. ಮಲಗಿ ಎದ್ದ ಮೇಲೆ, ಹಾಸಿಗೆಯಲ್ಲಿ ಒಬ್ಬರೇ ಇದ್ದಾಗ, ಬಿಷಪ್ ಅಂಬ್ರೋಸರ ಒಂದು ಸಂಜೆಗೀತೆ ನೆನಪಾಯಿತು; ಕಟ್ಟೆ ಒಡೆಯಿತು. ಅತ್ತದ್ದಕ್ಕೆ ಓದುಗರು ತಪ್ಪು ಹುಡುಕಿದರೆ ಹುಡುಕಲಿ, ನಗದಿರಲಿ ಎಂಬ ಅರ್ಥದಲ್ಲಿ ಬರೆದರು. ಹದಿನಾರು ಶತಮಾನಗಳ ಹಿಂದಿನ ಒಬ್ಬ ಮಹಾ ಪಂಡಿತ ತಾಯಿಗಾಗಿ ಅಳಲು ಹೀಗೆ ಸಂಕೋಚಪಟ್ಟದ್ದನ್ನು ಓದಿದಾಗ ನನಗೆ ನಮ್ಮ ಸಾವಿನ ಮನೆಗಳ ಗಂಡಸರು ಕಣ್ಣ ಮುಂದೆ ಬರುತ್ತಾರೆ. 1542ರಲ್ಲಿ ಹದಿಮೂರು ವರ್ಷದ ಮಗಳು ಮಗ್ದಲೇನಳನ್ನು ಕಳೆದುಕೊಂಡ ಮಾರ್ಟಿನ್ ಲೂಥರ್ ಅಷ್ಟು ಸಂಕೋಚಪಡಲಿಲ್ಲ. ಕ್ರಿಸ್ತನ ಮರಣವನ್ನು ನೆನೆದರೂ ತಮ್ಮ ದುಃಖ ನಿಲ್ಲುತ್ತಿಲ್ಲವೆಂದು ಗೆಳೆಯನಿಗೆ ಪತ್ರ ಬರೆದರು.

ಇತ್ತ ಪಂಡಿತರ ಇನ್ನೊಂದು ಧಾರೆ ‘ಏಕೆ’ ಎಂಬುದಕ್ಕೆ ಉತ್ತರ ಕಟ್ಟುತ್ತಲೇ ಬಂತು. ಮನುಷ್ಯನ ಸ್ವಾತಂತ್ರ್ಯದ ದುರುಪಯೋಗವೇ ಕಾರಣವೆಂದರು ಕೆಲವರು. ಕಷ್ಟ ಆತ್ಮವನ್ನು ಹದಮಾಡುವ ಪಾಠಶಾಲೆ ಎಂದರು ಕೆಲವರು. 1710ರಲ್ಲಿ ತತ್ವಜ್ಞಾನಿ ಲೈಬ್‌ನಿಟ್ಸ್, ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಉತ್ತಮ ಲೋಕವೆಂದು ವಾದಿಸಿದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ ಜನ ಚರ್ಚುಗಳಲ್ಲಿ ತುಂಬಿದ್ದ ಹೊತ್ತಿಗೇ ಲಿಸ್ಬನ್ ನಗರ ಭೂಕಂಪಕ್ಕೆ ಸಿಕ್ಕಿ ಕುಸಿಯಿತು. ಆಮೇಲೆ ಆ ವಾದ ಮೊದಲಿನ ಧೈರ್ಯದಲ್ಲಿ ತಲೆಯೆತ್ತಲಿಲ್ಲ. ಈ ತರ್ಕಗಳು ಅಭ್ಯಾಸದ ಕೋಣೆಯಲ್ಲಿ ಬೇಕು, ಇರಲಿ. ಸಾವಿನ ಮನೆಯ ಹೊಸ್ತಿಲಲ್ಲಿ ಅವಕ್ಕೆ ಕೆಲಸವಿಲ್ಲ.

ಕ್ರೈಸ್ತ ಸಮಾಧಾನಕ್ಕೆ ಉದಾಹರಣೆಯಾಗಿ ಪ್ರಸಂಗಗಳಲ್ಲಿ ಪದೇ ಪದೇ ಬರುವುದು ಹೊರೇಶಿಯೊ ಸ್ಪಾಫರ್ಡ್‌ನ ಕಥೆ. ಚಿಕಾಗೋದ ವಕೀಲ. 1871ರ ಬೆಂಕಿಯಲ್ಲಿ ಆಸ್ತಿ ಬಹಳಷ್ಟು ಹೋಯಿತು. 1873ರ ನವೆಂಬರ್ 22ರಂದು ಅಟ್ಲಾಂಟಿಕ್‌ನಲ್ಲಿ ‘ವಿಲ್ ದು ಹಾವ್ರ್’ ಹಡಗು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿ 226 ಜನ ಸತ್ತರು. ಸತ್ತವರಲ್ಲಿ ಸ್ಪಾಫರ್ಡ್‌ನ ನಾಲ್ವರು ಹೆಣ್ಣುಮಕ್ಕಳೂ ಇದ್ದರು. ಹೆಂಡತಿ ಆ್ಯನಾ ಮಾತ್ರ ಬದುಕಿ, ಒಬ್ಬಳೇ ಉಳಿದೆನೆಂದು ತಂತಿ ಕಳಿಸಿದಳು. ಅವಳನ್ನು ಕರೆತರಲು ಹೋಗುವಾಗ, ಹಡಗು ಮುಳುಗಿದ ಜಾಗದಲ್ಲೇ ಆತ ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಎಂಬ ಗೀತೆ ಬರೆದನೆಂದು ಮಗಳು ಬರ್ಥಾ ಹೇಳಿದ್ದಾಳೆ; ಮೂರು ವರ್ಷದ ಮೇಲೆ ಚಿಕಾಗೋದಲ್ಲಿ ಬರೆದನೆಂದು ಗಾಯಕ ಸ್ಯಾಂಕಿ ಹೇಳುತ್ತಾನೆ. ಪ್ರಸಂಗ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ: ಎಷ್ಟು ದೊಡ್ಡ ವಿಶ್ವಾಸ, ನೋಡಿ!

ಕಥೆ ಮುಗಿಯುವುದು ಇಲ್ಲಲ್ಲ. ದುರಂತದ ನಂತರ ಹುಟ್ಟಿದ ಗಂಡುಮಗು 1880ರಲ್ಲಿ ಜ್ವರದಿಂದ ತೀರಿಕೊಂಡಿತು. ಆಗ ಅವರ ಸಭೆಯ ಜನ ಮಾಡಿದ್ದು ಯೋಬನ ಗೆಳೆಯರು ಮಾಡಿದ್ದನ್ನೇ. ಯಾವುದೋ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಿರಬೇಕೆಂಬ ಮಾತು ಹಬ್ಬಿತು. ದಂಪತಿ ಆ ಸಭೆ ಬಿಟ್ಟರು. 1881ರಲ್ಲಿ ಕೆಲವು ಸಂಗಡಿಗರೊಂದಿಗೆ ಯೆರೂಸಲೇಮಿಗೆ ಹೋಗಿ ನೆಲೆಸಿದರು. ಯೆಹೂದ್ಯ, ಮುಸ್ಲಿಂ, ಕ್ರೈಸ್ತ ಎನ್ನದೆ ಬಡವರ ಸೇವೆಗೆ ನಿಂತರು. ಮೊದಲ ಮಹಾಯುದ್ಧದ ಹಸಿವಿನಲ್ಲಿ ಅವರ ‘ಅಮೆರಿಕನ್ ಕಾಲನಿ’ ಗಂಜಿ ಕೇಂದ್ರಗಳನ್ನು ನಡೆಸಿತು. ಬರ್ಥಾ 1925ರಲ್ಲಿ ಶುರುಮಾಡಿದ ಶಿಶುಗಳ ಆರೈಕೆಯ ಮನೆ ಹಳೆಯ ಯೆರೂಸಲೇಮಿನಲ್ಲಿ ಸ್ಪಾಫರ್ಡ್ ಹೆಸರಿನಲ್ಲೇ ಮುಂದುವರಿಯಿತು. ಗೀತೆಗಿಂತ ಈ ಎರಡನೆಯ ಅರ್ಧವೇ ನನಗೆ ದೊಡ್ಡದು. ಐದು ಮಕ್ಕಳನ್ನು ಕಳೆದುಕೊಂಡ ಮನೆಗೆ ಸಮಾಧಾನ ಒಂದು ರಾತ್ರಿಯ ಹಾಡಿನಲ್ಲಿ ಬಂದಿರಲಾರದು. ಊರು, ಸಭೆ ಎರಡನ್ನೂ ಬಿಟ್ಟು, ಬೇರೆಯವರ ಮಕ್ಕಳನ್ನು ಎತ್ತಿಕೊಂಡು ವರ್ಷಾನುಗಟ್ಟಲೆ ದುಡಿದವರಿಗೆ ಅದು ದಕ್ಕಿತು.

ಇಪ್ಪತ್ತನೆಯ ಶತಮಾನದ ಯುದ್ಧಗಳು ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದವು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬಾಂಬುಗಳ ಮಳೆ ಸುರಿದಾಗ ಹದಿನೇಳರ ಹುಡುಗ ಯೂರ್ಗೆನ್ ಮೋಲ್ಟ್‌ಮನ್‌ನ ಪಕ್ಕದಲ್ಲೇ ನಿಂತಿದ್ದ ಗೆಳೆಯ ಛಿದ್ರವಾದ. ಧರ್ಮದ ಗಾಳಿಯೇ ಇಲ್ಲದ ಮನೆಯಲ್ಲಿ ಬೆಳೆದ ಆ ಹುಡುಗ, ಯುದ್ಧಕೈದಿಯಾಗಿ ಸ್ಕಾಟ್‌ಲೆಂಡಿನಲ್ಲಿದ್ದಾಗ ಕೈಗೆ ಬಂದ ಬೈಬಲ್ಲಿನಲ್ಲಿ 39ನೆಯ ಕೀರ್ತನೆಯನ್ನೂ ಮಾರ್ಕನು ಬರೆದ ಶಿಲುಬೆಯ ಕೂಗನ್ನೂ ಓದಿದ. ತನ್ನನ್ನು ಅರ್ಥ ಮಾಡಿಕೊಂಡವನು ಒಬ್ಬನಿದ್ದಾನೆ ಎನ್ನಿಸಿತು. ಮುಂದೆ ದೊಡ್ಡ ದೇವಶಾಸ್ತ್ರಜ್ಞರಾಗಿ, 1972ರಲ್ಲಿ ‘ಶಿಲುಬೆಗೇರಿದ ದೇವರು’ ಎಂಬ ಅರ್ಥದ ಹೆಸರಿನ ಗ್ರಂಥ ಬರೆದರು. ದೇವರು ನೋವಿನಿಂದ ದೂರ ನಿಂತು ನೋಡುವವನಲ್ಲ, ನೋವಿನ ಒಳಗೇ ಇರುವವನು ಎಂಬುದು ಅವರ ವಾದದ ಜೀವ. ಅದಕ್ಕೂ ಮುಂಚೆ, 1946ರಲ್ಲಿ, ಸೋತು ಸುಣ್ಣವಾದ ಜಪಾನಿನಲ್ಲಿ ಕಜೋ ಕಿತಮೋರಿ ದೇವರ ನೋವಿನ ಮೇಲೆಯೇ ಒಂದು ಗ್ರಂಥ ಬರೆದಿದ್ದರು.

ನಮ್ಮ ಬೆಂಗಳೂರಿಗೂ ಈ ಚರ್ಚೆಯಲ್ಲಿ ಪಾಲಿದೆ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಿಂದ ದಲಿತ ದೇವಶಾಸ್ತ್ರಕ್ಕೆ ಚಾಲನೆ ಸಿಕ್ಕಿತು. ಭಾರತದ ಕ್ರೈಸ್ತರಲ್ಲಿ ಬಹುಸಂಖ್ಯಾತರು ದಲಿತರು. ಅವರ ನೋವನ್ನು ಬಿಟ್ಟು ಮಾತಾಡುವ ದೇವಶಾಸ್ತ್ರ ಯಾರದ್ದು ಎಂದು ನಿರ್ಮಲ್ ಕೇಳಿದರು. ತಿರಸ್ಕೃತನಾಗಿ ಊರ ಹೊರಗೆ ಸತ್ತ ಕ್ರಿಸ್ತನನ್ನು ದಲಿತನಾಗಿಯೇ ಕಂಡರು. ಕ್ರೈಸ್ತರಲ್ಲದ ಕನ್ನಡಿಗರಿಗೆ ಈ ಯಾತನೆಯ ಪರಿಚಯ ಮಾಡಿಸಿದ್ದು ಮಂಜೇಶ್ವರದ ಗೋವಿಂದ ಪೈಗಳ ಖಂಡಕಾವ್ಯ ‘ಗೊಲ್ಗೊಥಾ’. ಕ್ರಿಸ್ತನ ಕೊನೆಯ ದಿನವನ್ನು ಅಷ್ಟು ಅಂತಃಕರಣದಿಂದ ಒಬ್ಬ ಗೌಡ ಸಾರಸ್ವತ ಕವಿ ಕನ್ನಡದಲ್ಲಿ ಬರೆದರೆಂಬುದು ಈ ನಾಡಿನ ಭಾಗ್ಯ.

ಶಿಲುಬೆಯನ್ನು ಮುಂದಿಟ್ಟು ಆಗಿರುವ ಅನ್ಯಾಯವನ್ನೂ ಹೇಳಲೇಬೇಕು. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೊ, ಅದು ನಿನ್ನ ಶಿಲುಬೆ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿ ಕಳಿಸಿದ ಗುರುಗಳಿದ್ದಾರೆ, ಸಭಾಪಾಲಕರಿದ್ದಾರೆ. ಯೇಸು ಶಿಲುಬೆ ಹೊತ್ತದ್ದು ತಮ್ಮ ಇಚ್ಛೆಯಿಂದ. ಒಬ್ಬರ ಬೆನ್ನಿಗೆ ಇನ್ನೊಬ್ಬರು ಹೊರಿಸಿದ್ದು ಶಿಲುಬೆಯಲ್ಲ, ದೌರ್ಜನ್ಯ. ಇನ್ನೊಂದು ಕಡೆ ರೋಗ ಗುಣಪಡಿಸುವ ಮಹಾಕೂಟಗಳು. ಕ್ಯಾನ್ಸರ್ ಗುಣವಾಗದಿದ್ದರೆ ‘ನಿಮ್ಮ ನಂಬಿಕೆ ಸಾಲದು’ ಎಂದುಬಿಡುತ್ತಾರೆ. ಕಾಯಿಲೆಯ ಭಾರದ ಮೇಲೆ ಅಪರಾಧದ ಭಾರ. ಶರೀರದಲ್ಲಿ ಒಂದು ಮುಳ್ಳು ಇತ್ತೆಂದೂ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲವೆಂದೂ ಅಪೊಸ್ತಲ ಪೌಲನೇ ಬರೆದುಕೊಂಡಿದ್ದಾನೆ. ಅವನ ನಂಬಿಕೆ ಸಾಲದಾಗಿತ್ತೇ?

ಬುದ್ಧಿಯ ಉತ್ತರಕ್ಕೂ ನೋವಿನ ಅನುಭವಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಲೇಖಕ ಸಿ. ಎಸ್. ಲೂಯಿಸ್ ಒಬ್ಬರೇ ಸಾಕು. 1940ರಲ್ಲಿ ಅವರು ನೋವಿನ ಸಮಸ್ಯೆಯ ಮೇಲೆ ತರ್ಕಬದ್ಧವಾದ, ಜನ ಮೆಚ್ಚಿದ ಪುಸ್ತಕ ಬರೆದರು. 1960ರ ಜುಲೈಯಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ತರ್ಕ ಕೈಹಿಡಿಯಲಿಲ್ಲ. ನೋಟ್‌ಬುಕ್ಕುಗಳಲ್ಲಿ ದಿನದಿನದ ಸಂಕಟವನ್ನು, ದೇವರ ಮೇಲಿನ ಸಿಟ್ಟನ್ನು ಇದ್ದ ಹಾಗೇ ಬರೆದರು. ಮರುವರ್ಷ ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಹೆಸರಿನಲ್ಲಿ, ಎನ್. ಡಬ್ಲ್ಯು. ಕ್ಲರ್ಕ್ ಎಂಬ ಕಾವ್ಯನಾಮದಲ್ಲಿ ಅದು ಪ್ರಕಟವಾಯಿತು. ನೊಂದವರ ಕೈಗೆ ಕೊಡುವುದಾದರೆ ನಾನು ಎರಡನೆಯದನ್ನೇ ಕೊಡುತ್ತೇನೆ. ದೇವರ ಮನೆಯ ಬಾಗಿಲು ಮುಚ್ಚಿದೆ ಎಂದು ಒಬ್ಬ ವಿಶ್ವಾಸಿ ಬರೆದದ್ದನ್ನು ಓದಿದವನಿಗೆ ತಾನೊಬ್ಬನೇ ಅಲ್ಲ ಎಂಬುದಾದರೂ ತಿಳಿಯುತ್ತದೆ.

ಚರ್ಚಿನ ಶಾಸನವೂ ನಿಧಾನವಾಗಿ ಮೆತ್ತಗಾಗಿದೆ. ಕಥೋಲಿಕ ಚರ್ಚಿನ 1917ರ ಕಾನೂನು ಸಂಹಿತೆ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆ ನಿರಾಕರಿಸಿತ್ತು. ಸಾವಿನ ನೋವಿನ ಮೇಲೆ ಬಹಿಷ್ಕಾರದ ಅವಮಾನವನ್ನೂ ಆ ಮನೆಯವರು ಹೊತ್ತರು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬೇಡಿ ಎಂದಿತು. ದೀಕ್ಷಾಸ್ನಾನವಾಗದೆ ತೀರಿಕೊಂಡ ಹಸುಗೂಸುಗಳಿಗೂ ರಕ್ಷಣೆಯ ಭರವಸೆ ಇದೆಯೆಂದು 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿತು. ಎಷ್ಟು ತಲೆಮಾರಿನ ತಾಯಂದಿರಿಗೆ ಈ ಮಾತು ತಡವಾಯಿತು!

ಮನಶ್ಶಾಸ್ತ್ರಜ್ಞರು ಕಂಡದ್ದೂ ಇದಕ್ಕೆ ಹತ್ತಿರವಿದೆ. ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಆಸ್ಪತ್ರೆ ಸೇರಿದ 55 ವರ್ಷ ದಾಟಿದ 596 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಪ್ರಕಟಿಸಿದರು. ದೇವರು ತನ್ನನ್ನು ಕೈಬಿಟ್ಟಿದ್ದಾನೆ, ತನ್ನನ್ನು ಪ್ರೀತಿಸುವುದಿಲ್ಲ ಎಂಬ ಒಳಗುದಿಯಲ್ಲಿದ್ದವರಲ್ಲಿ ಸಾವಿನ ಸಾಧ್ಯತೆ ಹೆಚ್ಚಿತ್ತು. ಧರ್ಮ ಔಷಧದಂತೆ ಎಲ್ಲರಿಗೂ ಒಂದೇ ಥರ ಹಿತ ಮಾಡುತ್ತದೆ ಎಂಬುದು ಸುಳ್ಳು. ಶಿಕ್ಷಿಸುವ ದೇವರನ್ನೇ ತೋರಿಸುವ ಉಪದೇಶ ದೇಹಕ್ಕೂ ಕೇಡು ತರಬಲ್ಲದು. ಇನ್ನೊಂದು ಮಾತು: ದುಃಖ ತಿಂಗಳುಗಟ್ಟಲೆ ನಿದ್ದೆ, ಊಟ, ಬದುಕುವ ಆಸೆ ಮೂರನ್ನೂ ನುಂಗಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ. ಅದಕ್ಕೆ ಕರೆ ಮಾಡುವುದು ಅವಿಶ್ವಾಸವಲ್ಲ.

ನಮ್ಮ ಹಿರಿಯರು ಕಟ್ಟಿಕೊಟ್ಟ ಆಚರಣೆಗಳಲ್ಲಿ ಈ ತಿಳಿವಳಿಕೆ ಉಪದೇಶಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿದೆ. ಕರಾವಳಿಯ ಕಥೋಲಿಕರಲ್ಲಿ ಸಾವಾದ ಮನೆಗೆ ನೆರೆಹೊರೆಯವರು ಬಂದು ಜಪಸರ ಹೇಳುತ್ತಾರೆ. ಅದೇ ಪ್ರಾರ್ಥನೆ, ಮತ್ತೆ ಮತ್ತೆ. ಸ್ವಂತ ಮಾತು ಹೊರಡದವರಿಗೂ ಬಾಯಿಗೆ ಬರುತ್ತದೆ. ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ. ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಗುರುಗಳು ಸಾಲುಸಾಲಾಗಿ ಆಶೀರ್ವದಿಸುತ್ತ ಬರುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆದರಣೆಯ ಕೂಟ ಇದೆ. ಹಲವು ಕಡೆ ಈಸ್ಟರ್ ದಿನ ನಸುಕಿನಲ್ಲಿ ಸಮಾಧಿ ಭೂಮಿಯಲ್ಲೇ ಆರಾಧನೆ ನಡೆಯುತ್ತದೆ. ಸತ್ತವರನ್ನು ಬೇಗ ಮರೆತುಬಿಡಿ ಎಂದು ಈ ಯಾವ ಕ್ರಮವೂ ಹೇಳುವುದಿಲ್ಲ. ಮರೆಯದೆ ಬದುಕುವುದಕ್ಕೆ ಒಂದು ವರ್ಷದ ಪಂಚಾಂಗ ಮಾಡಿಕೊಡುತ್ತದೆ.

ಕ್ಷಮೆಯ ಮಾತಿಲ್ಲದೆ ಈ ಸಮೀಕ್ಷೆ ಪೂರ್ತಿಯಾಗದು. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಜೀಪಿನೊಳಗೆ ಮಲಗಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೋತಿಯನ್ನು ಗುಂಪೊಂದು ಜೀವಂತ ಸುಟ್ಟಿತು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆನೆಂದರು. ಕ್ಷಮೆಯೇ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಶಿಕ್ಷೆಯೇ ಬೇರೆ, ಎರಡನ್ನೂ ಬೆರೆಸಬೇಡಿ ಎಂದೂ ಅವರು ಹೇಳಿದ್ದರು; ಅದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಮಗಳು ಎಸ್ತರ್ ಜೊತೆ ಬಾರಿಪಾದದಲ್ಲೇ ಉಳಿದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು; 2004ರಲ್ಲಿ ಗಂಡನ ಹೆಸರಿನ ಆಸ್ಪತ್ರೆ ಆರಂಭವಾಯಿತು; 2005ರಲ್ಲಿ ದೇಶ ಪದ್ಮಶ್ರೀ ಕೊಟ್ಟು ಗೌರವಿಸಿತು. ಆದರೆ ಅವರ ಕ್ಷಮೆಯನ್ನು ಅಳತೆಗೋಲು ಮಾಡಿಕೊಂಡು, ‘ಅವರು ಕ್ಷಮಿಸಲಿಲ್ಲವೇ, ನೀನೇಕೆ ಕ್ಷಮಿಸಬಾರದು’ ಎಂದು ಇನ್ನೊಬ್ಬ ನೊಂದವರನ್ನು ಒತ್ತಾಯಿಸಬಾರದು. ಕ್ಷಮೆ ನೊಂದವರು ತಾವಾಗಿ ಕೊಡುವಂಥದ್ದು; ಕೇಳಿ ವಸೂಲಿ ಮಾಡುವಂಥದ್ದಲ್ಲ.

ಸಭಾಪಾಲಕರಲ್ಲಿ, ಗುರುಗಳಲ್ಲಿ, ಕೂಟ ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಸಾವಿನ ದಿನ 23ನೆಯ ಕೀರ್ತನೆಯ ಜೊತೆಗೆ 88ನ್ನೂ ಓದಿ. ‘ದೇವರ ಚಿತ್ತ’ ಎಂಬ ಮಾತನ್ನು ನೊಂದವರ ಬಾಯಿಗೇ ಬಿಡಿ; ಹೇಳಬೇಕೆನ್ನಿಸಿದರೆ ಅವರೇ ಹೇಳಿಕೊಳ್ಳುತ್ತಾರೆ. ಆದರಣೆಯ ಕೂಟ ಮುಗಿದು ನಂಟರೆಲ್ಲ ಊರಿಗೆ ಹೋದ ಮೇಲೆ, ಮೂರನೆಯ ತಿಂಗಳು, ಆರನೆಯ ತಿಂಗಳು ಆ ಮನೆಗೆ ಹೋಗಿ. ಬೈಬಲ್ ಕೈಯಲ್ಲಿರಲಿ, ತೆರೆಯಲೇಬೇಕೆಂದಿಲ್ಲ. ಸತ್ತವರ ಹೆಸರು ಹಿಡಿದು ಮಾತಾಡಿ. ಅವರು ಅತ್ತರೆ ತಡೆಯಬೇಡಿ.